ಕೋವಿಡ್ ಕಾಲದ ದಂತ ವಿದ್ಯಾರ್ಥಿ: ಭಯಕ್ಕಿಂತ ಕಾಡಿದ ಅನಿಶ್ಚಿತತೆ

ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಆ ಬಿಸಿಗೆ ಹಲ್ಲಿನೊಳಗಿನ ಜೀವಂತ ತಿರುಳು ಸುಡಬಾರದೆಂದು ಜೊತೆಯಲ್ಲೇ ನೀರು ಚಿಮ್ಮುತ್ತಿರುತ್ತದೆ. ನೀರು ರೋಗಿಯ ಲಾಲಾರಸದೊಂದಿಗೆ ಬೆರೆತು, ಕಣ್ಣಿಗೆ ಕಾಣದ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ. ವೈದ್ಯರ ಮುಖ ಅಲ್ಲಿಂದ ಒಂದೆರಡು ಗೇಣಿನಷ್ಟು ದೂರದಲ್ಲಿರುತ್ತದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಗತ್ತನ್ನೇ ವ್ಯಾಪಿಸಿದೆ ಎಂದು ಸಾರಿದಾಗ, ಸೋಂಕಿನ ಅಪಾಯ ಹೆಚ್ಚಿರುವ ವೃತ್ತಿಗಳ ಪಟ್ಟಿಯಲ್ಲಿ ದಂತ ಚಿಕಿತ್ಸೆ ತೀರಾ ಮೇಲೆ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ.

ಮುಂಬೈ ಮತ್ತು ಅದರ ಸುತ್ತಲಿನ ಡೊಂಬಿವಲಿ, ಮುಲುಂಡ್, ಮೀರಾರೋಡಿನ ಕನ್ನಡ ಮನೆಗಳಲ್ಲಿ ದಂತವೈದ್ಯ ಪದವಿಯಾದ ಬಿಡಿಎಸ್ ಓದುವ ಮಕ್ಕಳಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಕುಳಿತು ದುಡಿದ ಅಪ್ಪಂದಿರಿಗೆ ಮನೆಯಿಂದ ಒಬ್ಬ ಡಾಕ್ಟರ್ ಹೊರಡುವುದೆಂದರೆ ಎಂಥ ಹೆಮ್ಮೆಯೆಂದು ಈ ಊರಿನ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆ ವರ್ಷ ಲೋಕಲ್ ರೈಲು ನಿಂತಿತು. ಮಹಾರಾಷ್ಟ್ರದ ಹೋಟೆಲುಗಳಲ್ಲಿ ಗಿರಾಕಿಗಳು ಮತ್ತೆ ಕುಳಿತು ತಿಂದದ್ದು ಅಕ್ಟೋಬರ್ 5ರ ನಂತರ, ಅದೂ ಅರ್ಧದಷ್ಟು ಆಸನಗಳಲ್ಲಿ. ಕಾಲೇಜು ಶುಲ್ಕದ ಕಂತು ಮಾತ್ರ ಕಾಯಲಿಲ್ಲ. ಮುಂಬೈಯ ಹಲವು ದಂತ ಇಂಟರ್ನ್‌ಗಳು, ಸ್ನಾತಕೋತ್ತರ ವಿದ್ಯಾರ್ಥಿಗಳು ಕೋವಿಡ್ ಡ್ಯೂಟಿಗೆ ನಿಯೋಜಿತರಾದರು. ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲೇ ಸಕ್ಕರೆ ಕಾಯಿಲೆಯ ಅಜ್ಜಿ. ಇಂಥ ಮನೆಗೆ ಡ್ಯೂಟಿ ಮುಗಿಸಿ ಬರುವ ಹುಡುಗಿ ಎಲ್ಲಿ ಪ್ರತ್ಯೇಕವಾಗಿ ಇರಬೇಕು?

ಸೋಂಕಿನ ಭಯ ನಿಜವಾದದ್ದೇ ಆಗಿತ್ತು. ಆದರೆ ಅಪಾಯ ಅಂದುಕೊಂಡಷ್ಟು ದೊಡ್ಡದಲ್ಲವೆಂದು ಬೇಗನೆ ತಿಳಿಯಿತು. 2020ರ ಜೂನ್‌ನಲ್ಲಿ ಅಮೆರಿಕದ ದಂತವೈದ್ಯರ ಸಮೀಕ್ಷೆ ನಡೆದಾಗ, ಸೋಂಕು ತಗಲಿದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂಬ ಅಂದಾಜು ಸಿಕ್ಕಿತು. ಮರುವರ್ಷ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 28 ರೋಗಿಗಳ ಚಿಕಿತ್ಸೆಯ ವೇಳೆ ಹಾರಿದ ತುಂತುರನ್ನು ಪರೀಕ್ಷಿಸಿದರು. ಅದರಲ್ಲಿದ್ದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಉಪಕರಣದ ನೀರಿನಿಂದ ಬಂದವು, ಲಾಲಾರಸದಿಂದಲ್ಲ. ಎನ್95 ಮುಖಗವಸು, ಬಾಯಿಯ ನೀರನ್ನು ಜೋರಾಗಿ ಎಳೆಯುವ ಸಕ್ಷನ್, ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಇವೆಲ್ಲ ಕೆಲಸ ಮಾಡುತ್ತಿದ್ದವು. ಅಪಾಯ ಹತೋಟಿಗೆ ಬಂದರೂ ಕಳವಳ ಇಳಿಯಲಿಲ್ಲವೆಂದರೆ, ಅದರ ಬೇರು ವೈರಸ್ಸಿನಲ್ಲಿ ಮಾತ್ರ ಇರಲಿಲ್ಲ.

ಬೇರು ಎಲ್ಲಿತ್ತು ಎಂಬುದಕ್ಕೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಪ್ರಯೋಗ ದಾರಿ ತೋರಿಸುತ್ತದೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 45 ಮಂದಿ ಒಂದು ಕಂಪ್ಯೂಟರ್ ಆಟ ಆಡಿದರು. ಕಲ್ಲಿನಡಿ ಹಾವಿದೆಯೇ ಇಲ್ಲವೇ ಎಂದು ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ವಿದ್ಯುತ್ ಆಘಾತ. ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಎರಡನ್ನೂ ಅಳೆದಾಗ, ಆಘಾತ ಖಚಿತವೆಂದು ಗೊತ್ತಿದ್ದ ವೇಳೆಗಿಂತ ಅರ್ಧಕ್ಕರ್ಧ ಸಂಭವವಿದ್ದಾಗ ಒತ್ತಡ ಹೆಚ್ಚು ಕಂಡಿತು. ನೋವು ಬಂದೇ ಬರುತ್ತದೆಂದು ತಿಳಿದರೆ ಮೆದುಳು ಅದಕ್ಕೆ ಅಣಿಯಾಗುತ್ತದೆ. ಬರುವುದೋ ಇಲ್ಲವೋ ಎಂದಾಗ ಪ್ರತಿ ಕ್ಷಣವೂ ಹೊಸದಾಗಿ ಲೆಕ್ಕ ಹಾಕುತ್ತಲೇ ಇರಬೇಕು, ದೇಹವನ್ನು ಎಚ್ಚರದಲ್ಲೇ ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ಹೀಗಿದ್ದರೆ ಮೊದಲು ಕೆಡುವುದು ನಿದ್ದೆ. ನಿದ್ದೆ ಕೆಟ್ಟವರ ಗಮನ, ನೆನಪು, ತಾಳ್ಮೆ ಮೂರೂ ಸೊರಗುತ್ತವೆ.

ದಂತ ವಿದ್ಯಾರ್ಥಿಗಳ ಪಾಲಿಗೆ ಈ ಅನಿಶ್ಚಿತತೆ ಎರಡು ಪಟ್ಟು. ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟು ಹಲ್ಲು ಕೀಳಬೇಕು, ಇಷ್ಟು ಹುಳುಕು ತುಂಬಬೇಕು, ಇಷ್ಟು ಹಲ್ಲಿನ ಸೆಟ್ ಮಾಡಬೇಕು ಎಂಬ ಕೋಟಾ ಮುಗಿಸಿ ಸಹಿ ಹಾಕಿಸಿಕೊಳ್ಳದೆ ಪರೀಕ್ಷೆಗೆ ದಾರಿಯಿಲ್ಲ. ಮೇಲ್ದವಡೆಯ ಹಲ್ಲನ್ನು ಕನ್ನಡಿಯಲ್ಲಿ ನೋಡಿಕೊಂಡೇ ಕೊರೆಯಬೇಕು. ಕನ್ನಡಿಯಲ್ಲಿ ಹಿಂದುಮುಂದಾಗಿ ಕಾಣುವುದಕ್ಕೆ ಕೈ ಒಗ್ಗಿಕೊಳ್ಳುವುದು ನೂರಾರು ಸಲ ಮಾಡಿದ ಮೇಲೆ, ಸಣ್ಣ ತಪ್ಪುಗಳನ್ನು ಮಿದುಳು ತಿದ್ದಿಕೊಂಡ ಮೇಲೆ. ಯಕ್ಷಗಾನದ ಹೆಜ್ಜೆಯನ್ನು ವಿಡಿಯೊ ನೋಡಿಯಷ್ಟೇ ಕಲಿತವರಿಲ್ಲ, ಇದೂ ಹಾಗೆಯೇ. ತರಗತಿಗಳು ಮೊಬೈಲಿಗೆ ಬಂದವು, ರೋಗಿಗಳು ಬರಲಿಲ್ಲ. ಅರ್ಧ ಕಲಿತ ಕೈಯಲ್ಲಿ ನಾಳೆ ಯಾರ ಹಲ್ಲನ್ನಾದರೂ ಹಾಳು ಮಾಡಿಬಿಟ್ಟರೆ ಎಂಬ ಅಳುಕನ್ನು ಹೊತ್ತು ಮನೆಯಲ್ಲಿ ಕುಳಿತವರ ಸಂಕಟ ಹೊರಗಿನವರಿಗೆ ಕಾಣುವಂಥದ್ದಲ್ಲ. ಅದು ಸೋಮಾರಿತನವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಪದವಿ ಮುಗಿಸಿದವರ ಕಥೆ ಇನ್ನೂ ಕಠಿಣ. ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಪ್ರವೇಶಕ್ಕಾಗಿ ನೀಟ್ ಪರೀಕ್ಷೆ ನಡೆದದ್ದು 2020ರ ಡಿಸೆಂಬರ್ 16ರಂದು, ಫಲಿತಾಂಶ ಬಂದದ್ದು ಅದೇ ತಿಂಗಳ ಕೊನೆಗೆ. ಸೀಟು ಹಂಚುವ ಕೌನ್ಸೆಲಿಂಗ್ ಮಾತ್ರ ತಿಂಗಳುಗಟ್ಟಲೆ ಶುರುವಾಗಲಿಲ್ಲ. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಆರಂಭವಾದದ್ದು 2021ರ ಆಗಸ್ಟ್‌ನಲ್ಲಿ. ಎಂಟು ತಿಂಗಳು ಕೆಲಸಕ್ಕೆ ಸೇರಲಾರದೆ, ಓದಿಗೂ ಹೋಗಲಾರದೆ ಕಳೆದವರಿಗೆ ‘ಧೈರ್ಯವಾಗಿರಿ’ ಎನ್ನುವುದು ಚಿಕಿತ್ಸೆಯಲ್ಲ. ಒಂದು ದಿನಾಂಕ ಹೇಳಿದ್ದರೆ ಅದು ಔಷಧವಾಗುತ್ತಿತ್ತು.

ಅದೇ ದಿನಗಳಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ವಿದ್ಯಾರ್ಥಿಗಳ ಮನಃಸ್ಥಿತಿ ಅಳೆಯುವ ಪ್ರಶ್ನಾವಳಿಗಳು ಹರಿದಾಡಿದವು. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಇವು ಒಳ್ಳೆಯ ಸಾಧನಗಳೇ; 10 ಅಥವಾ ಹೆಚ್ಚು ಅಂಕ ಬಂದರೆ ತಜ್ಞರು ನೋಡಬೇಕೆಂಬ ಸೂಚನೆ, ರೋಗ ಇದೆಯೆಂಬ ತೀರ್ಪಲ್ಲ. ಲಾಕ್‌ಡೌನಿಗೆ ಮುಂಚೆ ಅದೇ ವಿದ್ಯಾರ್ಥಿಗಳ ಅಂಕ ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ, ಹೆಚ್ಚು ಅಂಕ ಬಂದದ್ದನ್ನೆಲ್ಲ ಕೋವಿಡ್ ತಲೆಗೆ ಕಟ್ಟಲಾಗದು. ನನ್ನನ್ನು ಹೆಚ್ಚು ಕಾಡುವುದು ಪಿಎಚ್‌ಕ್ಯೂವಿನ ಒಂಬತ್ತನೆಯ ಪ್ರಶ್ನೆ: ಸತ್ತರೇ ಮೇಲು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದೆಯೇ? ಹೆಸರಿಲ್ಲದ ಫಾರ್ಮಿನಲ್ಲಿ ಇದಕ್ಕೆ ಹೌದೆಂದ ವಿದ್ಯಾರ್ಥಿಯನ್ನು ಯಾರೂ ಹುಡುಕಲಾರರು. ಆ ಪ್ರಶ್ನೆ ಕೇಳುವವರು ಅದೇ ಪುಟದಲ್ಲಿ ಸಹಾಯವಾಣಿಯ ಸಂಖ್ಯೆಯನ್ನಾದರೂ ಕೊಡಲೇಬೇಕು.

ಮುಂದಿನ ಸಾಂಕ್ರಾಮಿಕಕ್ಕೆ ಕಾಯದೆ ಕಾಲೇಜುಗಳು ಈಗಲೇ ಮಾಡಬಹುದಾದ ಕೆಲಸಗಳಿವೆ. ಕ್ಲಿನಿಕ್ ಮುಚ್ಚಿದರೆ ಕೋಟಾದಲ್ಲಿ ಎಷ್ಟನ್ನು ಕೃತಕ ಹಲ್ಲುಗಳ ಮೇಲೆ ಮುಗಿಸಬಹುದೆಂದು ಮೊದಲೇ ಬರೆದಿಡಬೇಕು. ಆಪ್ತಸಮಾಲೋಚಕರು ವಿಭಾಗದ ಹೊರಗಿನವರಾಗಿರಬೇಕು. ಕೋಟಾಕ್ಕೆ ಸಹಿ ಹಾಕುವವರ ಮುಂದೆಯೇ ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ ಎಂದು ಹೇಳಿಕೊಳ್ಳುವ ಧೈರ್ಯ ಯಾವ ವಿದ್ಯಾರ್ಥಿಗೂ ಬಾರದು. ಮನೆಯವರಿಗೂ ಒಂದು ಮಾತು: ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಗೆಳೆಯರಿಂದ ದೂರವಾಗುತ್ತಿರುವ ಮಗುವಿನ ಮುಂದೆ ಪರೀಕ್ಷೆಯ ಮಾತು ಬದಿಗಿಡಿ. 2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಕೆಲಸ ಮಾಡುತ್ತಿದೆ. ಸಂಖ್ಯೆ 14416, ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು.