ಒಂದು ಕೆಪಾಸಿಟರ್ ಬದಲಾದಾಗ

ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಸ್ವಿಚ್ ಹಾಕಿದ ಕೂಡಲೇ ಹಾಡುವುದಿಲ್ಲ. ವಾಲ್ವ್ ಎಂಬ ಗಾಜಿನ ನಿರ್ವಾತ ಕೊಳವೆಯೊಳಗೆ ಕೆಂಡದಂಥ ಮಿಣುಕು ಮೂಡಿ, ಕ್ಯಾಥೋಡ್ ಕಾಯುವವರೆಗೆ ತಾಳಬೇಕು. ಕಾದ ಕ್ಯಾಥೋಡ್‌ನಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ನಿರ್ವಾತವನ್ನು ದಾಟಿ ಆನೋಡ್ ತಟ್ಟೆಗೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿ. ಗಿಟಾರಿನಿಂದ ಬಂದ ಪುಟ್ಟ ವೋಲ್ಟೇಜ್ ಈ ಜಾಲರಿಯ ಮೂಲಕ ಆ ಹರಿವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಸೇರಿಸಿದ್ದು ಈ ಗ್ರಿಡ್ಡನ್ನೇ.

ಹರಿವಿಗೆ ಮಿತಿಯುಂಟು. ಜೋರಾಗಿ ಮೀಟಿದರೆ ಅಲೆಯ ನೆತ್ತಿ ಆ ಮಿತಿಗೆ ತಾಗಿ, ಮೊದಲು ದುಂಡಗಾಗಿ ಆಮೇಲೆ ಚಪ್ಪಟೆಯಾಗುತ್ತದೆ. ಕ್ಯಾಥೋಡ್, ಗ್ರಿಡ್, ಆನೋಡ್ ಇರುವ ಇಂಥ ವಾಲ್ವೇ ಟ್ರಯೋಡ್. ಒಂಟಿ ಟ್ರಯೋಡ್‌ನಲ್ಲಿ ಅಲೆಯ ಮೇಲ್ಭಾಗವೂ ಕೆಳಭಾಗವೂ ಒಂದೇ ಬಗೆಯಲ್ಲಿ ಬಾಗುವುದಿಲ್ಲ. ಈ ಅಸಮತೆಯಿಂದ ಒಂದು ಸ್ಥಾಯಿ ಮೇಲಿನ ಅದೇ ಸ್ವರ ಹೊಸದಾಗಿ ಹುಟ್ಟಿ ಮೂಲ ನಾದಕ್ಕೆ ಬೆರೆಯುತ್ತದೆ. ಕಿವಿ ಇದನ್ನು ದೋಷವೆನ್ನದೆ ನಾದದ ತುಂಬುತನವೆಂದು ಸ್ವೀಕರಿಸುವುದು ನನಗೆ ಇಂದಿಗೂ ಅಚ್ಚರಿ.

ಮಾರ್ಪಾಡಿನ ಸೊಗಸು ಇಲ್ಲಿಂದಲೇ ಶುರು. ಅನೇಕ ಹಳೆಯ ಫೆಂಡರ್ ಆಂಪ್ಲಿಫೈಯರ್‌ಗಳಲ್ಲಿ ಮೊದಲ ವಾಲ್ವಿನ ಕ್ಯಾಥೋಡ್‌ಗೆ 1500 ಓಮ್ ರೆಸಿಸ್ಟರ್, ಅದರ ಪಕ್ಕಕ್ಕೆ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುತ್ತದೆ. ರೆಸಿಸ್ಟರ್ ಒಂದೇ ಇದ್ದರೆ ಹರಿವು ಏರಿದಂತೆ ಕ್ಯಾಥೋಡ್ ವೋಲ್ಟೇಜೂ ಏರಿ ವರ್ಧನೆಗೆ ತಡೆ ಹಾಕುತ್ತದೆ. ಕೆಪಾಸಿಟರ್ ಆ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಈಗ 25ರ ಜಾಗದಲ್ಲಿ 0.68 ಮೈಕ್ರೋಫ್ಯಾರಡ್ ಬೆಸೆಯಿರಿ. ವೇಗದ ಕಂಪನಗಳಿಗೆ ಅದು ಸಾಕು, ನಿಧಾನದವಕ್ಕೆ ಸಾಲದು. 12ಎಎಕ್ಸ್7 ವಾಲ್ವಿನ ಸಾಮಾನ್ಯ ಮಂಡಲದಲ್ಲಿ ಲೆಕ್ಕ ಹಾಕಿದರೆ, ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್‌ಗೆ ಸುಮಾರು 60 ಪಟ್ಟು ಇದ್ದ ವರ್ಧನೆ 35ರ ಆಸುಪಾಸಿಗೆ ಇಳಿಯುತ್ತದೆ.

ಬಾಸ್ ಗುಂಡಿ ತಿರುಗಿಸಿದರೂ ಇಷ್ಟಾಗುವುದಿಲ್ಲವೇ? ಆಗುವುದಿಲ್ಲ. ಮಂದ್ರದ ಅಲೆಗಳು ದೊಡ್ಡವು. ಮಿತಿಗೆ ಅವೇ ಮೊದಲು ತಾಗಿ, ಬೆನ್ನೇರಿ ಬಂದ ಸೂಕ್ಷ್ಮ ಸ್ವರಗಳನ್ನೂ ಜಜ್ಜುತ್ತವೆ. ಜಜ್ಜಿಹೋದ ಮೇಲೆ ಮಂದ್ರವನ್ನು ತಗ್ಗಿಸಿದರೆ ಕೆಸರು ತಿಳಿಯಾಗದು. ಹಿಂಡುವ ಮೊದಲೇ ಸೋಸಬೇಕು. 1960ರ ದಶಕದ ಕೊನೆಯ ಮಾರ್ಷಲ್ ಆಂಪ್ಲಿಫೈಯರ್‌ಗಳಲ್ಲಿ ಇದೇ 0.68 ಕಾಣುತ್ತದೆ, ಅವುಗಳ ಹರಿತ ಗರ್ಜನೆಯ ಗುಟ್ಟಿನಲ್ಲಿ ಅದಕ್ಕೂ ಪಾಲಿದೆ. ತೆಗೆದ ಕೆಪಾಸಿಟರನ್ನು ಪೆಟ್ಟಿಗೆಯೊಳಗೇ ಜೋಪಾನವಾಗಿಡಿ. ವಿದ್ಯುತ್ ತಂತಿ ಕಿತ್ತ ಮೇಲೂ, ಪೂರೈಕೆಯ ವೋಲ್ಟೇಜನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಳಷ್ಟು ಉಳಿದಿರಬಹುದು, ಅದು ಕೊಲ್ಲಬಲ್ಲದು. ಅನುಭವಸ್ಥರಲ್ಲದವರು ಒಳಗೆ ಕೈಹಾಕಲೇಬಾರದು.

ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ವಾಲ್ವ್ ರೆಕ್ಟಿಫೈಯರನ್ನು ಕಿತ್ತು ಡಯೋಡ್ ಹಾಕುವವರೂ ಇದ್ದಾರೆ. ನನಗದು ಒಗ್ಗುವುದಿಲ್ಲ. ಬಿರುಸಾಗಿ ಮೀಟಿದಾಗ ಆ ವಾಲ್ವ್ ಏದುಸಿರು ಬಿಟ್ಟಂತೆ ವೋಲ್ಟೇಜ್ ಒಂದಿಷ್ಟು ಕುಸಿಯುತ್ತದೆ, ತಂತಿಯ ಕಂಪನ ಇಳಿಯುತ್ತಿದ್ದಂತೆ ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಸ್ವರ ತಗ್ಗಿ, ಮತ್ತೆ ಅರಳಿರುತ್ತದೆ.