ಕೊನೆಯ ಎಪ್ಪತ್ತೈದು ಸೆಂಟಿಮೀಟರ್

ಜುಲೈ 1970. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನ ಓಲ್ಡ್ ಕೋರ್ಸ್. ಗಾಲ್ಫ್‌ನ ಓಪನ್ ಚಾಂಪಿಯನ್‌ಷಿಪ್‌ನ ನಾಲ್ಕನೇ, ಕೊನೆಯ ಸುತ್ತು ಮುಗಿಯುವ ಹೊತ್ತು. ಹದಿನೆಂಟನೇ ಗ್ರೀನ್ ಮೇಲೆ, ಅಂದರೆ ಕೊನೆಯ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ, ಅಮೆರಿಕದ ಡಗ್ ಸ್ಯಾಂಡರ್ಸ್ ನಿಂತಿದ್ದಾರೆ. ಚೆಂಡಿನಿಂದ ಕುಳಿಗೆ ಸುಮಾರು 75 ಸೆಂಟಿಮೀಟರ್. ಅದೊಂದು ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಒಳಗೆ ಬಿದ್ದರೆ ಪ್ರತಿಸ್ಪರ್ಧಿ, ಅಮೆರಿಕದವರೇ ಆದ ಜಾಕ್ ನಿಕ್ಲಾಸ್ ಒಂದು ಹೊಡೆತದಿಂದ ಸೋತಂತೆ.

ಸ್ಯಾಂಡರ್ಸ್ ಚೆಂಡಿನ ಮೇಲೆ ಬಾಗಿದರು. ದಾರಿಯಲ್ಲಿ ಕಂದು ಚುಕ್ಕೆಯೊಂದು ಕಂಡಿತು. ಕಲ್ಲಿರಬೇಕು ಎಂದುಕೊಂಡು, ಪಾದ ಕದಲಿಸದೆ ಹಾಗೆಯೇ ಬಗ್ಗಿ ಕೈಚಾಚಿದರೆ, ಅದು ಒಣಗಿದ ಹುಲ್ಲು. ಹಿಂದೆ ಸರಿದು ಹೊಸದಾಗಿ ನಿಲ್ಲಬಹುದಿತ್ತು, ನಿಲ್ಲಲಿಲ್ಲ, ಹೊಡೆದರು. ಚೆಂಡು ಕುಳಿಯ ಬಲಕ್ಕೆ ಜಾರಿಹೋಯಿತು. ಇಬ್ಬರೂ ಸಮವಾದರು. ವಿಜೇತರನ್ನು ನಿರ್ಧರಿಸಲು ಮರುದಿನ ನಡೆದ ಹದಿನೆಂಟು ಕುಳಿಗಳ ಪ್ಲೇಆಫ್‌ನಲ್ಲಿ ನಿಕ್ಲಾಸ್ 72 ಹೊಡೆತ, ಸ್ಯಾಂಡರ್ಸ್ 73. ಕಡಿಮೆ ಹೊಡೆತದವರೇ ಗೆದ್ದಂತೆ.

ಇಷ್ಟು ಹತ್ತಿರದ ಪಟ್ ನಿಜಕ್ಕೂ ಎಷ್ಟು ಕಷ್ಟ? ಲೆಕ್ಕ ಹಾಕಿ ನೋಡೋಣ. ಕುಳಿಯ ವ್ಯಾಸ 108 ಮಿಲಿಮೀಟರ್, ಚೆಂಡಿನದು 43ಕ್ಕೆ ತುಸು ಕಡಿಮೆ. ಕುಳಿಯ ಅಂಚು ದಾಟಿದ ಚೆಂಡು ಆಚೆ ಗೋಡೆಗೆ ತಾಗುವಷ್ಟರಲ್ಲಿ ಕನಿಷ್ಠ ತನ್ನ ತ್ರಿಜ್ಯದಷ್ಟು, ಅಂದರೆ 21 ಮಿಲಿಮೀಟರ್, ಕೆಳಗಿಳಿದಿರಬೇಕು. ಗುರುತ್ವಾಕರ್ಷಣೆಗೆ ಅದಕ್ಕೆ ಬೇಕಾಗುವ ಸಮಯ ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ. ಅಷ್ಟರಲ್ಲಿ ಚೆಂಡಿನ ಕೇಂದ್ರ ಸಾಗಬಹುದಾದದ್ದು 87 ಮಿಲಿಮೀಟರ್. ಭಾಗಿಸಿದರೆ ಸೆಕೆಂಡಿಗೆ 1.3 ಮೀಟರ್ ಬರುತ್ತದೆ: ನಾವು ನೀವು ಅವಸರವಿಲ್ಲದೆ ನಡೆಯುವ ವೇಗ. ಆಚೆ ಅಂಚಿಗೆ ಬಡಿದು ಪುಟಿದು ಬೀಳುವ ಚೆಂಡಿಗೆ ಕೊಂಚ ರಿಯಾಯಿತಿ ಉಂಟು, ಆದರೆ ನಡುವನ್ನು ಬಿಟ್ಟು ಪಕ್ಕದಲ್ಲಿ ಹಾಯುವ ಚೆಂಡಿಗೆ ಕುಳಿಯ ಮೇಲೆ ಸಿಗುವ ದಾರಿಯೇ ಗಿಡ್ಡ, ಬೀಳಲು ಸಮಯವೂ ಕಡಿಮೆ. ಹಾಗಾಗಿ ಜೋರಾಗಿ ಹೊಡೆದಷ್ಟೂ ಕುಳಿ ಕಿರಿದಾಗುತ್ತ ಹೋಗುತ್ತದೆ. ಮೆಲ್ಲಗೆ ಹೊಡೆದರೆ 75 ಸೆಂಟಿಮೀಟರಿನಿಂದ ಎಡಕ್ಕೋ ಬಲಕ್ಕೋ ಸುಮಾರು 4 ಡಿಗ್ರಿ ತಪ್ಪಿದರೂ ನಡೆಯುತ್ತದೆ. ಆದರೆ ಮೆಲ್ಲಗೆ ಉರುಳುವ ಚೆಂಡನ್ನು ಇಳಿಜಾರು ಬೇಗ ಎಳೆದುಕೊಳ್ಳುತ್ತದೆ.

ಇಷ್ಟೆಲ್ಲ ಇದ್ದರೂ ವೃತ್ತಿಪರರು ಮೂರಡಿಯಿಂದ ನೂರಕ್ಕೆ 95ಕ್ಕಿಂತ ಹೆಚ್ಚು ಪಟ್‌ಗಳನ್ನು ಕುಳಿಗೆ ಹಾಕುತ್ತಾರೆ. ಎಂಟಡಿಗೆ ಹೋದರೆ ಅದು ಅರ್ಧಕ್ಕಿಳಿಯುತ್ತದೆ. ಸ್ಯಾಂಡರ್ಸ್ ಎದುರಿಗಿದ್ದ ದೂರ ಭೌತಶಾಸ್ತ್ರದ ಮಟ್ಟಿಗೆ ಸುಲಭದ್ದೇ. ಉಳಿದ ಕಷ್ಟ ತಲೆಯೊಳಗಿನದು.

ಅದನ್ನು ಅಳೆಯಲು ಹೊರಟವರಲ್ಲಿ ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಮುಖ್ಯರು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ನುರಿತ ಗಾಲ್ಫ್ ಆಟಗಾರರಿಗೆ ಎರಡು ಬಗೆಯ ಕೆಲಸ ಕೊಟ್ಟರು. ಒಂದರಲ್ಲಿ ಪಟ್ ಮಾಡುತ್ತಲೇ ಕೇಳಿಬರುವ ಸದ್ದುಗಳಲ್ಲಿ ಒಂದನ್ನು ಗುರುತಿಸಬೇಕು. ಇನ್ನೊಂದರಲ್ಲಿ ತಮ್ಮ ಬೀಸನ್ನೇ ಗಮನಿಸುತ್ತ, ಅದು ನಿಂತ ಕ್ಷಣದಲ್ಲೇ ‘ಸ್ಟಾಪ್’ ಎನ್ನಬೇಕು. ಗಮನ ಸದ್ದಿನ ಕಡೆ ಹೋದಾಗ ಚೆಂಡು ಗುರಿಗೆ ಹೆಚ್ಚು ಹತ್ತಿರ ನಿಂತಿತು. ಸ್ವಂತ ಕೈಯ ಮೇಲೆ ನಿಗಾ ಇಟ್ಟಾಗ ಆಟ ಕೆಟ್ಟಿತು. 2004ರ ಇನ್ನೊಂದು ಪ್ರಯೋಗದಲ್ಲಿ, ಬೇಗ ಹೊಡೆಯಿರಿ ಎಂದಾಗ ನುರಿತವರು ಇನ್ನೂ ಚೆನ್ನಾಗಿ ಆಡಿದರು. ಹೊಸಬರಿಗೆ ಮಾತ್ರ ನಿಧಾನವೇ ಒಳಿತಾಯಿತು.

ಬೆಳಗ್ಗೆ ಅಂಗಳದಲ್ಲಿ ಸರಸರನೆ ರಂಗೋಲಿ ಎಳೆಯುತ್ತಿರುವ ಅಜ್ಜಿಯನ್ನು ತಡೆದು, ಪುಡಿ ಬಿಡುವಾಗ ಯಾವ ಬೆರಳು ಸಡಿಲಿಸುತ್ತೀರಿ ಎಂದು ಕೇಳಿ ನೋಡಿ. ಮುಂದಿನ ಗೆರೆ ಅಳುಕುತ್ತದೆ. ಸಾವಿರಾರು ಸಲ ಮಾಡಿ ಕೈಗೆ ಒಗ್ಗಿದ ಕೆಲಸ ತುಣುಕುಗಳಾಗಿ ಉಳಿದಿರುವುದಿಲ್ಲ, ಒಂದೇ ಹರಿವಾಗಿರುತ್ತದೆ. ಒತ್ತಡ ಬಂದಾಗ ಮನಸ್ಸು ಅದನ್ನು ಮತ್ತೆ ಬಿಡಿಸಿ ಪರೀಕ್ಷಿಸಲು ಹೊರಡುತ್ತದೆ. ಆ ಹುಲ್ಲಿನೆಳೆಗೆ ಸ್ಯಾಂಡರ್ಸ್ ಬಗ್ಗಿದಾಗ ಹರಿವು ಮುರಿಯಿತು ಎಂದೇ ನನ್ನ ಊಹೆ. ಒಬ್ಬರ ಒಂದು ಹೊಡೆತವನ್ನು ಪ್ರಯೋಗಶಾಲೆಯ ಸರಾಸರಿಯಿಂದ ಸಾಬೀತು ಮಾಡಲಾಗದು, ನಿಜ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ 20 ಪ್ರಶಸ್ತಿ ಗೆದ್ದ ಆ ಕೈಗೆ ಪಟ್ ಮಾಡಲು ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಮೇಜರ್, ಅಂದರೆ ಓಪನ್‌ನಂಥ ಅತಿ ದೊಡ್ಡ ಪಂದ್ಯಾವಳಿ, ಮಾತ್ರ ಅವರಿಗೆ ಒಂದೂ ದಕ್ಕಲಿಲ್ಲ.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದರ ಹತ್ತು ತಿಂಗಳ ಹಿಂದಿನ ಭಾಗ. ಸೆಪ್ಟೆಂಬರ್ 1969, ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ ರೈಡರ್ ಕಪ್. ಅಮೆರಿಕ ಮತ್ತು ಬ್ರಿಟನ್ ತಂಡಗಳು ಸಮಸಮ, ಉಳಿದಿದ್ದು ನಿಕ್ಲಾಸ್ ಮತ್ತು ಟೋನಿ ಜಾಕ್ಲಿನ್ ಪಂದ್ಯದ ಕೊನೆಯ ಕುಳಿ. ನಿಕ್ಲಾಸ್ ತಮ್ಮ ಪಟ್ ಮುಗಿಸಿದರು. ಜಾಕ್ಲಿನ್ ಎದುರು ಎರಡಡಿ ಆಸುಪಾಸಿನ ಪಟ್ ಇತ್ತು. ತಪ್ಪಿದ್ದರೆ ಬ್ರಿಟನ್ ಸೋಲುತ್ತಿತ್ತು. ಅಷ್ಟರಲ್ಲಿ ನಿಕ್ಲಾಸ್ ಮುಂದೆ ಬಂದು ಬಗ್ಗಿ, ಚೆಂಡಿನ ಜಾಗದಲ್ಲಿ ಜಾಕ್ಲಿನ್ ಇಟ್ಟಿದ್ದ ಗುರುತನ್ನು ಎತ್ತಿ ಅವರ ಕೈಗಿತ್ತರು. ಪಟ್ ಬಿಟ್ಟುಕೊಟ್ಟೆ, ಹೊಡೆಯದೆಯೇ ಒಳಗೆ ಬಿದ್ದಂತೆ ಎಂದರ್ಥ. ರೈಡರ್ ಕಪ್ ಇತಿಹಾಸದಲ್ಲಿ ಮೊದಲ ಬಾರಿಗೆ 16-16ರ ಸಮಬಲ.

ಅಮೆರಿಕದ ನಾಯಕ ಸ್ಯಾಮ್ ಸ್ನೀಡ್ ಇದನ್ನು ಮೆಚ್ಚಲಿಲ್ಲ. ಹೇಗೂ ಒಳಗೆ ಬೀಳುತ್ತಿದ್ದ ಚೆಂಡನ್ನು ಬಿಟ್ಟುಕೊಟ್ಟರೆ ಅದೇನು ಔದಾರ್ಯ ಎಂದು ಕೇಳುವವರು ಈಗಲೂ ಇದ್ದಾರೆ. ಆದರೆ ಅಂಥ ಹೊತ್ತಿನಲ್ಲಿ ಎರಡಡಿಯ ಪಟ್ ಕೂಡ ಖಾತ್ರಿಯಲ್ಲ ಎಂಬುದು ನಿಕ್ಲಾಸ್‌ಗೆ ಗೊತ್ತಿತ್ತು, ಗೊತ್ತಿದ್ದೇ ಕೊಟ್ಟರು. ಹೀಗೆ ಬಿಟ್ಟುಕೊಡುವ ಅವಕಾಶ ಎದುರಾಳಿಗಳು ಕುಳಿ ಕುಳಿಗೆ ಸೋಲು-ಗೆಲುವು ಲೆಕ್ಕಿಸುವ ಮ್ಯಾಚ್ ಪ್ಲೇನಲ್ಲಿ ಮಾತ್ರ. ಒಟ್ಟು ಹೊಡೆತಗಳನ್ನು ಎಣಿಸುವ ಓಪನ್‌ನಂಥ ಸ್ಟ್ರೋಕ್ ಪ್ಲೇನಲ್ಲಿ ಪ್ರತಿ ಚೆಂಡೂ ಕುಳಿಗೆ ಬೀಳಲೇಬೇಕು. ಸೇಂಟ್ ಆ್ಯಂಡ್ರೂಸ್‌ನಲ್ಲಿ ಸ್ಯಾಂಡರ್ಸ್‌ರ ಗುರುತನ್ನು ಎತ್ತಿಕೊಡುವ ಹಕ್ಕು ಯಾರಿಗೂ ಇರಲಿಲ್ಲ.