ಬೆಳಕು ವಾಪಸ್ ಬಂದರೂ ತಿರುವು ಯಾಕೆ ಅಳಿಯೋದಿಲ್ಲ?

ರಾಯಚೂರಿನಲ್ಲಿ ಎಲೆಕ್ಟ್ರಿಕಲ್ ಓದುವವರಿಗೆ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಅಳೆಯುವಷ್ಟು ಚಿಕ್ಕದು ಮಾಡುವ ಸಾಧನ) ಹೊಸದಲ್ಲ. ಶಕ್ತಿನಗರದ ಥರ್ಮಲ್ ಸ್ಟೇಷನ್ ಹತ್ತಿರದಲ್ಲೇ ಇದೆ ಅಲ್ವಾ. ಸಿ.ಟಿ.ಯ ಕಬ್ಬಿಣದ ಕೋರ್ ದೊಡ್ಡ ಫಾಲ್ಟ್ ಕರೆಂಟ್ ಬಂದಾಗ ಸ್ಯಾಚುರೇಟ್ ಆಗಬಹುದು, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದೆ ಅಳತೆ ತಪ್ಪಬಹುದು. ಸೆಕೆಂಡರಿ (ಅಳತೆಯ ಕಡೆಯ ಸುರುಳಿ) ಓಪನ್ ಆದರೆ ಜೀವಕ್ಕೇ ಅಪಾಯ. ಕರೆಂಟನ್ನು ಬೆಳಕಿನಿಂದ ಅಳೆಯುವ ಆಪ್ಟಿಕಲ್ ಫೈಬರ್ ಸೆನ್ಸರ್‌ನಲ್ಲಿ ಇವೆರಡೂ ಇಲ್ಲ. ಅದು ಗಾಜು, ಅದರಲ್ಲಿ ಓಡುವುದು ಬೆಳಕು.

ಮೂಲ ತತ್ವವನ್ನು ಫ್ಯಾರಡೆ 1845ರಲ್ಲೇ ಕಂಡುಕೊಂಡ. ಪೋಲರೈಸ್ ಆದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಗಾಜಿನೊಳಗೆ ಹೋಗುವಾಗ ಅದೇ ದಾರಿಯುದ್ದಕ್ಕೂ ಕಾಂತಕ್ಷೇತ್ರ ಇದ್ದರೆ, ಬೆಳಕಿನ ಕಂಪನದ ದಿಕ್ಕು ಸ್ವಲ್ಪ ತಿರುಗುತ್ತದೆ. ಕಂಡಕ್ಟರ್ ಸುತ್ತ ಫೈಬರ್ ಸುತ್ತಿದರೆ:

ಕೋನ = ವೆರ್ಡೆ ಸ್ಥಿರಾಂಕ × ಸುತ್ತುಗಳು × ಕರೆಂಟ್

ವೆರ್ಡೆ ಸ್ಥಿರಾಂಕ ಅಂದರೆ ಆ ಗಾಜು ಬೆಳಕನ್ನು ಎಷ್ಟು ತಿರುಗಿಸುತ್ತದೆ ಅನ್ನುವ ಅಳತೆ.

ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಕಂಡಕ್ಟರ್ ಒಂದು ಪಕ್ಕಕ್ಕೆ ಸರಿದಿರಲಿ, ಉತ್ತರ ಅದೇ. ಆಂಪಿಯರ್ ನಿಯಮ. ಆದರೆ ಸುತ್ತು ಪೂರ್ತಿ ಮುಚ್ಚಿರಬೇಕು. ಆಗ ಪಕ್ಕದ ತಂತಿಯ, ಅಂದರೆ ಬೇರೆ ಫೇಸ್‌ನ ಕರೆಂಟ್ ಲೆಕ್ಕಕ್ಕೆ ಬರೋದಿಲ್ಲ.

ಈಗ ನನ್ನನ್ನು ಎರಡು ದಿನ ಕಾಡಿದ ಜಾಗ. ಫೈಬರ್‌ನ ಕೊನೆಯಲ್ಲಿ ಕನ್ನಡಿ ಇಟ್ಟು ಬೆಳಕನ್ನು ಅದೇ ದಾರಿಯಲ್ಲಿ ವಾಪಸ್ ಕಳಿಸುತ್ತಾರೆ. ಹೋಗುವಾಗ ಬಲಕ್ಕೆ ತಿರುಗಿದ್ದು ಬರುವಾಗ ಎಡಕ್ಕೆ ತಿರುಗಿ ಸೊನ್ನೆ ಆಗಬೇಕಲ್ಲ? ಪುಸ್ತಕ ಮಾತ್ರ ದುಪ್ಪಟ್ಟಾಗುತ್ತದೆ ಎನ್ನುತ್ತದೆ.

ಒಂದು ಬೋಲ್ಟ್ ಕೈಗೆ ತೆಗೆದುಕೊಳ್ಳಿ. ತಲೆ ಕಡೆಯಿಂದ ನೋಡಿ, ತುದಿ ಕಡೆಯಿಂದ ನೋಡಿ. ಅದರ ಥ್ರೆಡ್ ಎರಡೂ ಕಡೆಯಿಂದ ಬಲಗೈ ಥ್ರೆಡ್ಡೇ. ಸಕ್ಕರೆ ನೀರು ಬೆಳಕನ್ನು ತಿರುಗಿಸುವುದು ಹೀಗೆ. ತಿರುವು ಬೆಳಕು ಸಾಗುವ ದಿಕ್ಕಿಗೆ ಅಂಟಿಕೊಂಡಿದೆ, ಆದ್ದರಿಂದ ವಾಪಸ್ ಬರುವಾಗ ಬಿಚ್ಚಿಕೊಳ್ಳುತ್ತದೆ.

ಈಗ ತಲೆ ಮೇಲಿನ ಫ್ಯಾನ್ ನೋಡಿ. ಕೆಳಗೆ ಮಲಗಿ ನೋಡಿದರೆ ಒಂದು ಕಡೆಗೆ ತಿರುಗುತ್ತದೆ. ಮೇಲಿನಿಂದ ನೋಡಿದರೆ ಉಲ್ಟಾ ಕಾಣುತ್ತದೆ. ಆದರೆ ಫ್ಯಾನ್ ತನ್ನ ದಿಕ್ಕು ಬದಲಿಸಿಲ್ಲ! ಫ್ಯಾರಡೆ ತಿರುವು ಫ್ಯಾನ್ ಇದ್ದ ಹಾಗೆ. ಅದನ್ನು ನಿರ್ಧರಿಸುವುದು ಕಾಂತಕ್ಷೇತ್ರದ ದಿಕ್ಕು, ಬೆಳಕಿನದಲ್ಲ. ವಾಪಸ್ ಬರುವ ಬೆಳಕಿನ ಕಣ್ಣಿಗೆ ಅದು ಎಡ. ಹೊರಗೆ ನಿಂತ ನಮಗೆ ಮೊದಲಿನ ದಿಕ್ಕೇ. ಅದಕ್ಕೇ ಕೂಡುತ್ತದೆ, ಕಳೆಯುವುದಿಲ್ಲ.

ಈ ದುಪ್ಪಟ್ಟು ಎಷ್ಟು ಬೇಕು ಅನ್ನೋದು ಲೆಕ್ಕ ಹಾಕಿದಾಗ ತಿಳಿಯುತ್ತದೆ. 1310 ನ್ಯಾನೋಮೀಟರ್ ಬೆಳಕಿಗೆ ಸಿಲಿಕಾದಲ್ಲಿ (ಫೈಬರ್‌ನ ಗಾಜು) ಒಂದು ಆಂಪಿಯರ್‌ಗೆ, ಒಂದು ಸುತ್ತಿಗೆ, ಸುಮಾರು 1 ಮೈಕ್ರೋರೇಡಿಯನ್. 1000 ಆಂಪಿಯರ್‌ಗೆ 1 ಮಿಲಿರೇಡಿಯನ್, ಅಂದರೆ 0.06 ಡಿಗ್ರಿಯೂ ಇಲ್ಲ. 20 ಸುತ್ತು ಹಾಕಿದರೆ ಸುಮಾರು 1.15 ಡಿಗ್ರಿ, ಕನ್ನಡಿ ಸೇರಿಸಿದರೆ 2.3.

ಹಾಗಂತ ಸುಮ್ನೆ ಸುತ್ತು ಜಾಸ್ತಿ ಮಾಡುತ್ತಾ ಹೋಗೋಕಾಗಲ್ಲ. ಫೈಬರ್ ಬಾಗಿದಲ್ಲೆಲ್ಲ ಗಾಜಿನಲ್ಲಿ ಒತ್ತಡ ಹುಟ್ಟುತ್ತದೆ, ಅದೂ ಬೆಳಕಿನ ಪೋಲರೈಸೇಷನ್ ಕೆಡಿಸುತ್ತದೆ. ನಾವು ಹುಡುಕುವ ಪುಟ್ಟ ಕೋನ ಅದರಲ್ಲಿ ಮುಚ್ಚಿಹೋಗಬಹುದು. ಅದಕ್ಕೆ ಸುತ್ತಿದ ಮೇಲೆ ಫೈಬರನ್ನು ಕಾಯಿಸಿ ನಿಧಾನವಾಗಿ ಆರಿಸುತ್ತಾರೆ, ಇಲ್ಲವೇ ಕಾದ ಗಾಜನ್ನು ಫೈಬರ್ ಆಗಿ ಎಳೆಯುವಾಗಲೇ ತಿರುಚಿ ತಯಾರಿಸಿದ ಫೈಬರ್ ಬಳಸುತ್ತಾರೆ.